ಮೂತ್ರದ ಕೀಟೋನ್ ಸ್ಟ್ರಿಪ್: ನೇರಳೆ ಬಣ್ಣವನ್ನು ಎಷ್ಟು ನಂಬಬೇಕು?

ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಇನ್ಸುಲಿನ್ ಮೇಲೆ ಇರುವವರಿಗೆ, ಗ್ಲೂಕೋಮೀಟರ್ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳುವ ಇನ್ನೊಂದು ಡಬ್ಬಿ ಇದು. ಒಳಗೆ ಸಾಮಾನ್ಯವಾಗಿ 50 ಪ್ಲಾಸ್ಟಿಕ್ ಕಡ್ಡಿಗಳು. ಒಂದೊಂದರ ತುದಿಯಲ್ಲೂ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಮಾಸಲು ಕೆನೆ ಬಣ್ಣದ ಒಂದು ಚೌಕ. ಮೂತ್ರದಲ್ಲಿ ಅದ್ದಿ, 15 ಸೆಕೆಂಡು ಎಣಿಸಿ, ಡಬ್ಬಿಯ ಮೈಮೇಲೆ ಅಚ್ಚಾಗಿರುವ ಬಣ್ಣಗಳ ಪಕ್ಕ ಹಿಡಿದು ನೋಡಿದರೆ ಕೆಲಸ ಮುಗಿಯಿತು. ಕೀಟೋಸ್ಟಿಕ್ಸ್ ಆಗಲಿ, ಸಕ್ಕರೆಯನ್ನೂ ತೋರಿಸುವ ಕೀಟೋ-ಡಯಾಸ್ಟಿಕ್ಸ್ ಆಗಲಿ, ಲ್ಯಾಬ್‌ನಲ್ಲಿ ಬಳಸುವ ಹತ್ತು ಚೌಕಗಳ ಸ್ಟ್ರಿಪ್ ಆಗಲಿ, ಕೀಟೋನ್ ಚೌಕದೊಳಗಿನ ರಾಸಾಯನಿಕ ಕ್ರಿಯೆ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಈ ವಿಮರ್ಶೆ ಒಂದು ಬ್ರ್ಯಾಂಡ್‌ನದ್ದಲ್ಲ, ಆ ಚೌಕದ್ದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಣ್ಣ ತಿರುಗಿದರೆ ಗಂಭೀರವಾಗಿ ತೆಗೆದುಕೊಳ್ಳಿ. ತಿರುಗಲಿಲ್ಲ ಎಂದು ಮಾತ್ರ ನೆಚ್ಚಿಕೊಂಡು ಕೂರಬೇಡಿ. "ಏನೂ ತೊಂದರೆ ಇಲ್ಲ" ಎಂದು ಸರ್ಟಿಫಿಕೇಟ್ ಕೊಡುವ ಯೋಗ್ಯತೆ ಈ ಸ್ಟ್ರಿಪ್‌ಗೆ ಇಲ್ಲ. ಕಾರಣ ತಯಾರಕರ ಬೇಜವಾಬ್ದಾರಿಯಲ್ಲ. ಸಕ್ಕರೆ ಕಾಯಿಲೆ ಕೈಮೀರಿದಾಗ ಮೂತ್ರಕ್ಕೆ ಬರುವ ಆಮ್ಲಗಳಲ್ಲಿ ಈ ಚೌಕಕ್ಕೆ ಕಾಣುವುದು ಒಂದೇ ಒಂದು, ಅದೂ ಪ್ರಮಾಣದಲ್ಲಿ ಚಿಕ್ಕದು.

ಚೌಕಕ್ಕೆ ಕಾಣುವುದು, ಕಾಣದಿರುವುದು

ಇನ್ಸುಲಿನ್ ಸಾಲದೆ ಹೋದಾಗ ದೇಹ ಕೊಬ್ಬನ್ನು ಒಡೆಯುತ್ತದೆ. ಯಕೃತ್ತು ಆ ಕೊಬ್ಬಿನ ಆಮ್ಲಗಳಿಂದ ಮೂರು ವಸ್ತುಗಳನ್ನು ತಯಾರಿಸುತ್ತದೆ: ಅಸಿಟೋಅಸಿಟಿಕ್ ಆಮ್ಲ, ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ, ಮತ್ತು ಮೊದಲನೆಯದು ತಾನಾಗಿ ಒಡೆದು ಉಂಟಾಗುವ ಅಸಿಟೋನ್. ಮೂರನ್ನೂ ಸೇರಿಸಿ ಕೀಟೋನ್ ಎಂದು ಕರೆಯುವುದು ರೂಢಿ. ಅಸಿಟೋನ್ ಆಮ್ಲವೇ ಅಲ್ಲ. ಅದರಲ್ಲಿ ಬಹುಪಾಲು ಉಸಿರಿನಲ್ಲಿ ಹೋಗುತ್ತದೆ, ಕೀಟೋಅಸಿಡೋಸಿಸ್ (ಈ ಆಮ್ಲಗಳು ಮಿತಿಮೀರಿ ರಕ್ತ ಹುಳಿಯಾಗುವ ಅಪಾಯದ ಸ್ಥಿತಿ) ಆದವರ ಬಾಯಿಯಿಂದ ಹಣ್ಣು ಕೊಳೆತಂಥ ವಾಸನೆ ಬರುವುದು ಅದರಿಂದಲೇ. ರಕ್ತವನ್ನು ಹುಳಿ ಮಾಡುವವು ಉಳಿದ ಎರಡು.

ಚೌಕದಲ್ಲಿ ಇರುವುದು ಸೋಡಿಯಂ ನೈಟ್ರೋಪ್ರುಸೈಡ್ ಮತ್ತು ಅದಕ್ಕೆ ಬೇಕಾದ ಕ್ಷಾರೀಯ ಉಪ್ಪುಗಳು. ಅಸಿಟೋಅಸಿಟಿಕ್ ಆಮ್ಲ ಸಿಕ್ಕಿದರೆ ಇದು ಗುಲಾಬಿಯಿಂದ ಕಡು ನೇರಳೆಯವರೆಗೆ ಬಣ್ಣ ಕೊಡುತ್ತದೆ. ಗ್ಲೈಸಿನ್ ಸೇರಿಸಿದ ಸ್ಟ್ರಿಪ್ ಆದರೆ ಅಸಿಟೋನ್‌ಗೂ ಅಲ್ಪಸ್ವಲ್ಪ ಸ್ಪಂದಿಸುತ್ತದೆ. ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಎಷ್ಟೇ ಇರಲಿ, ಚೌಕ ಅಲ್ಲಾಡುವುದಿಲ್ಲ. ಕಾರಣ ಸರಳ. ನೈಟ್ರೋಪ್ರುಸೈಡ್ ಹಿಡಿಯುವುದು ಅಣುವಿನಲ್ಲಿರುವ ಕೀಟೋ ಗುಂಪಿನ ಪಕ್ಕದ ಜಾಗವನ್ನು. ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲದಲ್ಲಿ ಕೀಟೋ ಗುಂಪೇ ಇಲ್ಲ, ಅದರ ಬದಲು ಹೈಡ್ರಾಕ್ಸಿಲ್ ಇದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಕೀಟೋನೇ ಅಲ್ಲ. ಹೆಸರು ಮಾತ್ರ ಗುಂಪಿನ ಜೊತೆ ಅಂಟಿಕೊಂಡಿದೆ.

ಆರೋಗ್ಯವಂತರು ಒಂದು ರಾತ್ರಿ ಉಪವಾಸವಿದ್ದಾಗ ಈ ಎರಡು ಆಮ್ಲಗಳು ರಕ್ತದಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತವೆ. ಕೀಟೋಅಸಿಡೋಸಿಸ್‌ನಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ (ಆ ಆಮ್ಲ ರಕ್ತದಲ್ಲಿರುವ ರೂಪದ ಹೆಸರು, ಅಸಿಟೋಅಸಿಟೇಟ್ ಎಂಬುದೂ ಹಾಗೆಯೇ) ಇನ್ನೊಂದರ ಮೂರು ಪಟ್ಟು ಮೇಲಾಗುತ್ತದೆ, ತೀವ್ರವಾದಾಗ ಹತ್ತು ಪಟ್ಟಿನವರೆಗೂ ಹೋಗುತ್ತದೆ. ಒಂದು ಲೆಕ್ಕ ಹಾಕಿ ನೋಡಿ: ಎರಡೂ ಸೇರಿ ಲೀಟರಿಗೆ 8 ಮಿಲಿಮೋಲ್ ಇದ್ದು ಅನುಪಾತ 3:1 ಇದ್ದರೆ ಚೌಕಕ್ಕೆ ಕಾಣುವ ಪಾಲು 2, ಕಾಣದ ಪಾಲು 6. ರಕ್ತದೊತ್ತಡ ಕುಸಿದು, ಅಂಗಾಂಶಗಳಿಗೆ ಆಮ್ಲಜನಕ ಸಾಲದೆ, ಲ್ಯಾಕ್ಟಿಕ್ ಆಮ್ಲವೂ ಏರಿದಾಗ ಸಮತೋಲನ ಇನ್ನೂ ಅತ್ತ ವಾಲುತ್ತದೆ. ಅಂದರೆ ರೋಗಿಯ ಸ್ಥಿತಿ ಬಿಗಡಾಯಿಸಿದಷ್ಟೂ ಬಣ್ಣದ ಪಾಲು ಕಡಿಮೆಯಾಗಬಹುದು. ಮದ್ಯದಿಂದಾಗುವ ಕೀಟೋಅಸಿಡೋಸಿಸ್‌ನಲ್ಲೂ ಇದೇ ಕಥೆ: ಒಳಗೆ ಆಮ್ಲದ ಹೊರೆ, ಚೌಕದಲ್ಲಿ ತೆಳು ಗುಲಾಬಿ.

ಇನ್ನೊಂದು ತಲೆಕೆಳಗಾದ ಸಂಗತಿ ಚಿಕಿತ್ಸೆಯ ವೇಳೆ ಕಾಣಿಸುತ್ತದೆ. ಇನ್ಸುಲಿನ್ ಮತ್ತು ಡ್ರಿಪ್ ಶುರುವಾದ ಮೇಲೆ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಮತ್ತೆ ಅಸಿಟೋಅಸಿಟೇಟ್ ಆಗಿ ಬದಲಾಗತೊಡಗುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿರುತ್ತಾರೆ, ಚೌಕ ಮಾತ್ರ ಮೊದಲಿಗಿಂತ ಗಾಢ. ಅದನ್ನು ನೋಡಿ ಇನ್ಸುಲಿನ್ ಏರಿಸಿದರೆ ಸಕ್ಕರೆ ಮತ್ತು ಪೊಟ್ಯಾಸಿಯಂ ಎರಡೂ ಬೀಳುವ ಅಪಾಯ. ಆದ್ದರಿಂದ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಈ ಸ್ಟ್ರಿಪ್ ಬಳಸಲೇಬಾರದು. ಅದಕ್ಕೆ ರಕ್ತದ ಕೀಟೋನ್ ಬೇಕು. ಗಂಟೆಗೆ ಕನಿಷ್ಠ 0.5 ಮಿಲಿಮೋಲ್ ಇಳಿಯಬೇಕು ಎನ್ನುವುದು ಆಸ್ಪತ್ರೆಗಳು ಇಟ್ಟುಕೊಂಡಿರುವ ಗುರಿ.

ಬಣ್ಣ ಕೊಡದ ಆಮ್ಲ ತಪ್ಪಿಸಿಕೊಳ್ಳುವುದು ಹೊಸದೇನಲ್ಲ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಅಸಿಟೋನ್ ಇದೆ ಎಂದು ಪೆಟರ್ಸ್ 1857ರಲ್ಲಿ ತೋರಿಸಿದರು. ಫೆರಿಕ್ ಕ್ಲೋರೈಡ್ ಹಾಕಿದರೆ ಕೆಂಪಾಗುತ್ತದೆ ಎಂದು ಗೆರ್‌ಹಾರ್ಟ್ 1865ರಲ್ಲಿ ಹೇಳಿದ ಪರೀಕ್ಷೆ ಹಿಡಿಯುತ್ತಿದ್ದುದು ಅಸಿಟೋಅಸಿಟಿಕ್ ಆಮ್ಲವನ್ನು. ಎಲ್ಲಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವ ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲ ಮಿಂಕೋವ್‌ಸ್ಕಿ ಮತ್ತು ಕ್ಯೂಲ್ಸ್ ಕೈಗೆ ಸಿಕ್ಕಿದ್ದು 1884ರಲ್ಲಿ, ಎಲ್ಲಕ್ಕಿಂತ ಕೊನೆಗೆ. ಇಂದಿನ ಸ್ಟ್ರಿಪ್ ಆ ವಿಷಯದಲ್ಲಿ ಇನ್ನೂ 1883ರ ಲೆಗಾಲ್ ಅವರ ನೈಟ್ರೋಪ್ರುಸೈಡ್ ಪರೀಕ್ಷೆಯ ಮೊಮ್ಮಗನೇ.

ಅದ್ದುವುದರಲ್ಲೇ ಅರ್ಧ ತಪ್ಪು

ತಪ್ಪು ಫಲಿತಾಂಶಗಳಲ್ಲಿ ದೊಡ್ಡ ಪಾಲು ರಾಸಾಯನಿಕ ಕ್ರಿಯೆಯಿಂದಲ್ಲ, ಕೈಯಿಂದ ಬರುತ್ತದೆ. ಮೂತ್ರ ಹಿಡಿಯುವ ಕಪ್ಪು ಒಣಗಿರಬೇಕು, ಅದರಲ್ಲಿ ಸೋಪು, ಬ್ಲೀಚ್ ಉಳಿದಿರಬಾರದು. ಕೈ ಒಣಗಿಸಿಕೊಂಡು ಒಂದೇ ಒಂದು ಕಡ್ಡಿ ತೆಗೆದು ಮುಚ್ಚಳವನ್ನು ತಕ್ಷಣ ಬಿಗಿಮಾಡಿ. ಪರೀಕ್ಷೆ ಮುಗಿಸಿ ಆಮೇಲೆ ಮುಚ್ಚುತ್ತೇನೆ ಎಂದರೆ ಡಬ್ಬಿ ಅಷ್ಟು ಹೊತ್ತು ಗಾಳಿ ಕುಡಿಯುತ್ತದೆ. ಚೌಕಕ್ಕೆ ಬೆರಳು ತಾಗಿಸಬೇಡಿ. ಚೌಕ ಪೂರ್ತಿ ನೆನೆಯುವಷ್ಟು ಅದ್ದಿ ಒಂದು ಸೆಕೆಂಡಿನಲ್ಲಿ ಹೊರತೆಗೆಯಿರಿ. ಹೆಚ್ಚು ಹೊತ್ತು ಮುಳುಗಿಸಿದರೆ ಚೌಕದ ಔಷಧ ಮೂತ್ರಕ್ಕೆ ತೊಳೆದುಹೋಗುತ್ತದೆ. ತೆಗೆಯುವಾಗ ಕಡ್ಡಿಯ ಅಂಚನ್ನು ಕಪ್ಪಿನ ಬಾಯಿಗೆ ಸವರಿ ಹೆಚ್ಚಿನ ಹನಿಯನ್ನು ಇಳಿಸಿ, ಆಮೇಲೆ ಕಡ್ಡಿಯನ್ನು ಅಡ್ಡಲಾಗಿ ಹಿಡಿಯಿರಿ. ಹಲವು ಚೌಕಗಳಿರುವ ಸ್ಟ್ರಿಪ್ ಅನ್ನು ನೆಟ್ಟಗೆ ಹಿಡಿದರೆ ಒಂದು ಚೌಕದ ರಸ ಪಕ್ಕದ್ದಕ್ಕೆ ಹರಿದು ಎರಡನ್ನೂ ಕೆಡಿಸುತ್ತದೆ.

ಸಮಯದ ವಿಷಯದಲ್ಲಿ ರಿಯಾಯಿತಿ ಇಲ್ಲ. ಕೀಟೋಸ್ಟಿಕ್ಸ್ ಮತ್ತು ಕೀಟೋ-ಡಯಾಸ್ಟಿಕ್ಸ್‌ನ ಕೀಟೋನ್ ಚೌಕವನ್ನು ಸರಿಯಾಗಿ 15 ಸೆಕೆಂಡಿಗೆ ಓದಬೇಕು, ಕೀಟೋ-ಡಯಾಸ್ಟಿಕ್ಸ್‌ನ ಸಕ್ಕರೆ ಚೌಕವನ್ನು 30 ಸೆಕೆಂಡಿಗೆ. ಹಲವು ಚೌಕಗಳಿರುವ ಮಲ್ಟಿಸ್ಟಿಕ್ಸ್ ಸ್ಟ್ರಿಪ್‌ನಲ್ಲಿ ಕೀಟೋನ್‌ಗೆ 40 ಸೆಕೆಂಡು. ಒಂದರ ಸಮಯವನ್ನು ಇನ್ನೊಂದಕ್ಕೆ ಹಚ್ಚಿದರೆ ಓದು ತಪ್ಪುತ್ತದೆ, ಯಾಕೆಂದರೆ ಬಣ್ಣ 15 ಸೆಕೆಂಡಿಗೆ ನಿಲ್ಲುವುದಿಲ್ಲ, ಕಪ್ಪಾಗುತ್ತಲೇ ಹೋಗುತ್ತದೆ. ಎರಡು ನಿಮಿಷ ಬಿಟ್ಟು ನೋಡಿದ ಗಾಢ ಬಣ್ಣಕ್ಕೆ ಅರ್ಥವಿಲ್ಲ. ಮನಸ್ಸಿನಲ್ಲಿ ಎಣಿಸುವವರು ಆತಂಕದಲ್ಲಿ 15 ಅನ್ನು 8 ಸೆಕೆಂಡಿನಲ್ಲೇ ಮುಗಿಸಿಬಿಡುತ್ತಾರೆ. ಸೆಕೆಂಡು ಮುಳ್ಳಿನ ಗಡಿಯಾರವೋ ಮೊಬೈಲ್ ಟೈಮರ್ರೋ ಇರಲಿ. ಬೆಳಕು ಬಿಳಿಯಾಗಿರಬೇಕು. ಹಳದಿ ಬಲ್ಬಿನ ಕೆಳಗೆ ತೆಳು ಗುಲಾಬಿಯೂ ಕೆನೆ ಬಣ್ಣವೂ ಒಂದೇ ಥರ ಕಾಣುತ್ತವೆ, ಮತ್ತು ನಾವು ಗುರುತಿಸಬೇಕಾದ ಮೊದಲ ಹೆಜ್ಜೆ ಅದೇ. ಬಣ್ಣಗುರುಡು ಇರುವವರು ಇನ್ನೊಬ್ಬರ ಕಣ್ಣು ಬಳಸಬೇಕು, ಇಲ್ಲದಿದ್ದರೆ ಅಂಕಿ ತೋರಿಸುವ ರಕ್ತದ ಮೀಟರ್ ಇಟ್ಟುಕೊಳ್ಳಬೇಕು.

ಕೀಟೋಸ್ಟಿಕ್ಸ್ ಚಾರ್ಟಿನ ಮೆಟ್ಟಿಲುಗಳು ಇವು: ಲೇಶ 5, ಅಲ್ಪ 15, ಮಧ್ಯಮ 40, ಹೆಚ್ಚು 80 ಮತ್ತು 160, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ಅಸಿಟೋಅಸಿಟಿಕ್ ಆಮ್ಲದ ಅಣುತೂಕ 102, ಹಾಗಾಗಿ ಹತ್ತರಿಂದ ಭಾಗಿಸಿದರೆ ಲೀಟರಿಗೆ ಮಿಲಿಮೋಲ್ ಸಿಗುತ್ತದೆ: 40 ಅಂದರೆ ಸುಮಾರು 4. ಇಲ್ಲೇ ಜನ ಎಡವುವುದು. ಈ 4 ಮತ್ತು ರಕ್ತದ ಮೀಟರ್ ತೋರಿಸುವ 4 ಒಂದೇ ಅಲ್ಲ. ಇದು ಮೂತ್ರದಲ್ಲಿನ ಅಸಿಟೋಅಸಿಟೇಟ್, ಅದು ರಕ್ತದಲ್ಲಿನ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್. ವಸ್ತು ಬೇರೆ, ದ್ರವ ಬೇರೆ.

ಮೂತ್ರ ಎಷ್ಟು ಗಟ್ಟಿ ಎಂಬುದೂ ಬಣ್ಣವನ್ನು ಆಡಿಸುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ 15 ತೋರಿಸಿದ್ದು, ಎರಡು ಲೋಟ ನೀರು ಕುಡಿದ ಮೇಲೆ ಲೇಶಕ್ಕೆ ಇಳಿದರೆ ಅದು ಗುಣವಾದದ್ದಲ್ಲ, ನೀರಾದದ್ದು. ಜೊತೆಗೆ ಮೂತ್ರಕೋಶ ಒಂದು ಗೋದಾಮು: ಅಲ್ಲಿರುವುದು ಹಿಂದಿನ ನಾಲ್ಕಾರು ಗಂಟೆಗಳ ಸರಾಸರಿ, ಈ ಕ್ಷಣದ ರಕ್ತವಲ್ಲ. ಇದಕ್ಕೆ ಮನೆಮಟ್ಟದ ಪರಿಹಾರ ಒಂದೇ. ಮೂತ್ರಕೋಶವನ್ನು ಪೂರ್ತಿ ಖಾಲಿಮಾಡಿ, ಒಂದು ಲೋಟ ನೀರು ಕುಡಿದು, ಅರ್ಧ ಗಂಟೆ ಬಿಟ್ಟು ಬಂದ ಎರಡನೇ ಮೂತ್ರವನ್ನು ಪರೀಕ್ಷಿಸುವುದು. ನಿರ್ಜಲೀಕರಣವಾಗಿ ಮೂತ್ರವೇ ಬರದ ರೋಗಿಗೆ ಇದೂ ಆಗದು. ಸ್ಟ್ರಿಪ್ ತೀರಾ ಅಗತ್ಯವಾದ ಹೊತ್ತಿನಲ್ಲೇ ಪರೀಕ್ಷಿಸಲು ಮೂತ್ರ ಇಲ್ಲದಿರುವುದು ಈ ಉತ್ಪನ್ನದ ಅತಿ ದೊಡ್ಡ ಕುಂದು ಎಂದು ನಮಗೆ ಅನಿಸುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ಅದಕ್ಕೆ ಸಾಲದಷ್ಟು ಜಾಗ.

ಡಬ್ಬಿ ಹಾಳಾಗುವ ಬಗೆ

ಚೌಕದ ಔಷಧಕ್ಕೆ ತೇವವೇ ವಿಷ. ಮುಚ್ಚಳದಲ್ಲೋ ಡಬ್ಬಿಯ ತಳದಲ್ಲೋ ಇರುವ ತೇವ ಹೀರುವ ಪೊಟ್ಟಣವನ್ನು ಕಸವೆಂದು ಎಸೆಯಬಾರದು. ಬಚ್ಚಲುಮನೆಯ ಕಪಾಟು ಅನುಕೂಲವೆನಿಸಿದರೂ ಅಲ್ಲಿನ ಹಬೆ ಒಳ್ಳೆಯದಲ್ಲ. ಫ್ರಿಜ್ ಇನ್ನೂ ಕೆಟ್ಟದ್ದು, ತಣ್ಣನೆ ಡಬ್ಬಿಯನ್ನು ಹೊರಗೆ ತೆಗೆದು ತೆರೆದಾಗ ಒಳಗೆ ನೀರಿನ ಹನಿ ಕೂರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಮೀರದ ಒಣ ಜಾಗ ಸಾಕು. ಮುಚ್ಚಳ ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ. ತೆರೆದು 6 ತಿಂಗಳಾದ ಮೇಲೆ ಒಳಗೆ 40 ಕಡ್ಡಿ ಉಳಿದಿದ್ದರೂ ಬಿಸಾಡಬೇಕು, ಲೇಬಲ್ಲಿನ ಅವಧಿ ಇನ್ನೆರಡು ವರ್ಷ ಇದ್ದರೂ ಸಹ. ವರ್ಷಕ್ಕೆ ನಾಲ್ಕು ಸಲ ಮಾತ್ರ ಬಳಸುವವರಿಗೆ 100ರ ಡಬ್ಬಿ ಲಾಭವಲ್ಲ, ಚಿಕ್ಕದನ್ನೇ ಕೊಳ್ಳಿ.

ಬಳಸುವ ಮುನ್ನ ಒಣ ಚೌಕವನ್ನು ಚಾರ್ಟಿನ "ಇಲ್ಲ" ಬಣ್ಣದ ಪಕ್ಕ ಹಿಡಿಯುವುದು ಒಳ್ಳೆಯ ಅಭ್ಯಾಸ. ಚೌಕ ಕಂದಿದ್ದರೆ, ಅಂಚಿನಲ್ಲಿ ಕಲೆಯಿದ್ದರೆ, ಆ ಡಬ್ಬಿ ಮುಗಿದ ಲೆಕ್ಕ. ಆದರೆ ಬಣ್ಣ ಸರಿಯಿದ್ದ ಮಾತ್ರಕ್ಕೆ ಸ್ಟ್ರಿಪ್ ಜೀವಂತವಾಗಿದೆ ಎಂದಲ್ಲ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅಸಿಟೋನ್ ಇದೆಯಲ್ಲ, ಅದರಲ್ಲಿ ಅದ್ದಿ ನೋಡೋಣ ಎಂಬ ಉಪಾಯ ಕೆಲವರಿಗೆ ಹೊಳೆಯುತ್ತದೆ. ಗ್ಲೈಸಿನ್ ಇಲ್ಲದ ಸ್ಟ್ರಿಪ್ ಅಸಿಟೋನ್‌ಗೆ ಸ್ಪಂದಿಸುವುದಿಲ್ಲವಾದ್ದರಿಂದ ಹೊಸ ಡಬ್ಬಿಯೂ ಅಲ್ಲಿ ಫೇಲ್ ಆಗುತ್ತದೆ. ನಂಬಬಹುದಾದದ್ದು ಲ್ಯಾಬ್‌ಗಳಲ್ಲಿ ಬಳಸುವ ಕಂಟ್ರೋಲ್ ದ್ರವ ಮಾತ್ರ.

ಉಳಿತಾಯಕ್ಕೆಂದು ಕಡ್ಡಿಯನ್ನು ಉದ್ದುದ್ದ ಕತ್ತರಿಸಿ ಎರಡು ಮಾಡುವವರಿದ್ದಾರೆ. ಚೌಕ ಸಣ್ಣದಾದಷ್ಟೂ ಅಂಚಿನ ಪಾಲು ಹೆಚ್ಚು. ಅಂಚಿನಲ್ಲಿ ಬಣ್ಣ ಬೇರೆಯೇ ಬರುತ್ತದೆ, ಕತ್ತರಿಸುವಾಗ ಕೈಯ ತೇವವೂ ತಾಗುತ್ತದೆ, ಅರ್ಧ ಕಡ್ಡಿ ಅಷ್ಟು ಹೊತ್ತು ಗಾಳಿಯಲ್ಲಿ ಬಿದ್ದಿರುತ್ತದೆ. ತೂಕ ಇಳಿಸಲು ಆಹಾರ ಬದಲಿಸಿದವರು ಕುತೂಹಲಕ್ಕೆ ನೋಡುವುದಾದರೆ ಏನಾದರೂ ಮಾಡಿಕೊಳ್ಳಲಿ. ಟೈಪ್ 1 ಸಕ್ಕರೆ ಕಾಯಿಲೆ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆ) ಇರುವ ಮಗುವಿಗೆ ಜ್ವರ ಬಂದ ರಾತ್ರಿ ಇದು ತರವಲ್ಲ.

ಇಲ್ಲದ್ದನ್ನು ತೋರಿಸುವ ಔಷಧಗಳು

ಗಂಧಕ-ಹೈಡ್ರೋಜನ್ ಗುಂಪಿರುವ ಔಷಧಗಳು ನೈಟ್ರೋಪ್ರುಸೈಡ್ ಜೊತೆ ತಾವೇ ಕೆಂಪು ಬಣ್ಣ ಕೊಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್, ಕ್ಯಾನ್ಸರ್ ಚಿಕಿತ್ಸೆಯ ಜೊತೆ ಕೊಡುವ ಮೆಸ್ನಾ, ಪೆನಿಸಿಲಮೀನ್, ಎನ್-ಅಸಿಟೈಲ್‌ಸಿಸ್ಟೀನ್ ಈ ಗುಂಪಿನವು. ಸಕ್ಕರೆ ಕಾಯಿಲೆಯ ಜೊತೆ ರಕ್ತದೊತ್ತಡ ಇರುವವರೇ ಹೆಚ್ಚಾದ್ದರಿಂದ ಕ್ಯಾಪ್ಟೊಪ್ರಿಲ್ ವಿಷಯವನ್ನು ನೆನಪಿಡುವುದು ಲೇಸು. ಲ್ಯಾಬ್‌ನಲ್ಲಿ ಇದನ್ನು ಬೇರ್ಪಡಿಸಲು ಒಂದು ಸುಲಭ ಉಪಾಯ ಇದೆ: ಬಣ್ಣ ಬಂದ ಚೌಕದ ಮೇಲೆ ಒಂದು ಹನಿ ಗ್ಲೇಸಿಯಲ್ ಅಸಿಟಿಕ್ ಆಮ್ಲ ಬಿಟ್ಟರೆ ಔಷಧದಿಂದ ಬಂದ ಬಣ್ಣ ಮಾಸಿಹೋಗುತ್ತದೆ, ನಿಜವಾದ ಕೀಟೋನ್ ಬಣ್ಣ ನಿಲ್ಲುತ್ತದೆ. ಆ ಆಮ್ಲ ಚರ್ಮ ಸುಡುವಂಥದ್ದು, ಮನೆಯಲ್ಲಿ ಮಾಡುವ ಕೆಲಸವಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೀವೊಡೋಪಾ ಕೂಡ ಅಡ್ಡಬರುತ್ತದೆ. ಮೂತ್ರವನ್ನೇ ಕಿತ್ತಳೆ-ಕೆಂಪು ಮಾಡುವ ರಿಫಾಂಪಿಸಿನ್, ಫೆನಜೋಪಿರಿಡಿನ್ ತೆಗೆದುಕೊಳ್ಳುವಾಗ ಬಣ್ಣ ನೋಡಿ ಹೇಳುವ ಯಾವ ಪರೀಕ್ಷೆಯನ್ನೂ ನಂಬುವುದು ಕಷ್ಟ.

ಇದಕ್ಕಿಂತ ಅಪಾಯಕಾರಿ ಇದ್ದದ್ದನ್ನು ಮುಚ್ಚುವ ಕಾರಣಗಳು. ತೇವ ತಾಗಿದ ಸ್ಟ್ರಿಪ್ ಮೊದಲನೆಯದು. ವಿಟಮಿನ್ ಸಿ ಅತಿಯಾಗಿ ನುಂಗಿ ಮೂತ್ರ ತೀರಾ ಹುಳಿಯಾಗಿದ್ದರೆ ಎರಡನೆಯದು. ಮೂರನೆಯದು ಮೂತ್ರ ಹಳಸುವುದು: ಅಸಿಟೋಅಸಿಟಿಕ್ ಆಮ್ಲ ಸುಮ್ಮನೆ ಇಟ್ಟರೂ ಅಸಿಟೋನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ, ಬ್ಯಾಕ್ಟೀರಿಯಾ ಇದ್ದರೆ ಇನ್ನೂ ಬೇಗ. ಬೆಳಿಗ್ಗೆ ಹಿಡಿದಿಟ್ಟು ಮಧ್ಯಾಹ್ನ ಲ್ಯಾಬ್‌ಗೆ ಒಯ್ದ ಸ್ಯಾಂಪಲ್ಲಿನಲ್ಲಿ "ಕೀಟೋನ್ ಇಲ್ಲ" ಎಂದು ಬಂದರೆ ಆ ರಿಪೋರ್ಟಿಗೆ ಬೆಲೆ ಕೊಡಬೇಡಿ. ಲ್ಯಾಬಿನ ಯಂತ್ರ ಬಣ್ಣವನ್ನು ಕಣ್ಣಿನ ಬದಲು ಬೆಳಕಿನ ಪ್ರತಿಫಲನದಿಂದ ಅಳೆದು 1+, 2+ ಎಂದು ಅಚ್ಚು ಹಾಕುತ್ತದೆ, ಅಷ್ಟೇ. ಒಳಗಿನ ಚೌಕ ಅದೇ ಚೌಕ.

ಸಕ್ಕರೆ ಮತ್ತು ಕೀಟೋನ್ ಎರಡನ್ನೂ ತೋರಿಸುವ ಜೋಡಿ ಸ್ಟ್ರಿಪ್ ಬಗ್ಗೆ ನಮಗೆ ಹೆಚ್ಚು ಒಲವಿಲ್ಲ. ಕೀಟೋನ್ 40 ಮಿಲಿಗ್ರಾಂ ಮಟ್ಟಕ್ಕೆ ಬಂದಾಗ ಅದೇ ಕೀಟೋನ್ ಪಕ್ಕದ ಸಕ್ಕರೆ ಚೌಕದ ಸೂಕ್ಷ್ಮತೆಯನ್ನು ತಗ್ಗಿಸುತ್ತದೆ; 75ರಿಂದ 125 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದ ಸಕ್ಕರೆ ಇದ್ದರೂ "ಇಲ್ಲ" ಎಂದು ಓದಬಹುದು. ಗ್ಲೂಕೋಮೀಟರ್ ಇರುವ ಮನೆಯಲ್ಲಿ ಮೂತ್ರದ ಸಕ್ಕರೆ ನೋಡಿ ಹೊಸದಾಗಿ ತಿಳಿಯುವುದೂ ಏನಿಲ್ಲ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಿಗಂತೂ ಸಕ್ಕರೆ ಚೌಕ ಪೂರ್ತಿ ವ್ಯರ್ಥ, ಆ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರಕ್ಕೆ ಹರಿಬಿಡುವುದು. ಈ ಗುಂಪಿನವರು ಇನ್ನೊಂದು ವಿಷಯ ತಿಳಿದಿರಬೇಕು. ಇವರಲ್ಲಿ ರಕ್ತದ ಸಕ್ಕರೆ 250 ದಾಟದೆಯೇ ಕೀಟೋಅಸಿಡೋಸಿಸ್ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ 2015ರ ಮೇ ತಿಂಗಳಲ್ಲಿ ಎಚ್ಚರಿಸಿತು. ಗ್ಲೂಕೋಮೀಟರ್ 170 ತೋರಿಸುತ್ತಿದೆ, ಆದರೂ ವಾಂತಿ, ಹೊಟ್ಟೆನೋವು, ಏದುಸಿರು ಇದೆ ಎಂದರೆ ಇದನ್ನು ಶಂಕಿಸಬೇಕು. ಈ ಔಷಧಗಳು ಮೂತ್ರಪಿಂಡ ಕೀಟೋನ್‌ಗಳನ್ನು ಮರಳಿ ಹೀರಿಕೊಳ್ಳುವುದನ್ನು ಹೆಚ್ಚಿಸಬಹುದಾದ್ದರಿಂದ ರಕ್ತದಲ್ಲಿ ಇದ್ದಷ್ಟು ಮೂತ್ರದಲ್ಲಿ ಕಾಣದೆ ಹೋಗಬಹುದು. ಇಲ್ಲಿ ಮೂತ್ರದ ಸ್ಟ್ರಿಪ್ ಬದಿಗಿಟ್ಟು ರಕ್ತವನ್ನೇ ನೋಡಬೇಕು. ಶಸ್ತ್ರಚಿಕಿತ್ಸೆ ಮೊದಲೇ ಗೊತ್ತಾಗಿದ್ದರೆ ಈ ಮೂರನ್ನೂ 3 ದಿನ ಮುಂಚೆ, ಇದೇ ಗುಂಪಿನ ಎರ್ಟುಗ್ಲಿಫ್ಲೋಜಿನ್ ಆದರೆ 4 ದಿನ ಮುಂಚೆ ನಿಲ್ಲಿಸಬೇಕು ಎನ್ನುವುದು ಅದೇ ಸಂಸ್ಥೆ 2020ರಲ್ಲಿ ಲೇಬಲ್ಲಿಗೆ ಸೇರಿಸಿದ ಸೂಚನೆ. ನಿಲ್ಲಿಸುವ ದಿನವನ್ನು ವೈದ್ಯರೇ ಗೊತ್ತುಮಾಡಬೇಕು.

ರಕ್ತದ ಕೀಟೋನ್ ಮೀಟರ್ ಪಕ್ಕ ಇಟ್ಟು ನೋಡಿದರೆ

ಬೆರಳ ತುದಿಯ ಹನಿಯಿಂದ ನೇರವಾಗಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅಳೆಯುವ ಮೀಟರ್ ಇದರ ನಿಜವಾದ ಪ್ರತಿಸ್ಪರ್ಧಿ. ಉದಾಹರಣೆಗೆ ಪ್ರಿಸಿಷನ್ ಎಕ್ಸ್‌ಟ್ರಾ 1.5 ಮೈಕ್ರೋಲೀಟರ್ ರಕ್ತ ತೆಗೆದುಕೊಂಡು 10 ಸೆಕೆಂಡಿನಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 0.0ರಿಂದ 8.0ರವರೆಗೆ ಅಂಕಿ ಕೊಡುತ್ತದೆ. ಸ್ಟ್ರಿಪ್ ಒಂದೊಂದೂ ಬೇರೆ ಬೇರೆ ಫಾಯಿಲ್‌ನಲ್ಲಿ ಸೀಲ್ ಆಗಿರುವುದರಿಂದ ಒಂದು ಹರಿದರೆ ಉಳಿದವು ಕೆಡುವುದಿಲ್ಲ. ಅಪರೂಪಕ್ಕೆ ಬಳಸುವವರಿಗೆ ಇದು ಸಣ್ಣ ಸೌಲಭ್ಯವಲ್ಲ. ಅಂಕಿ ಓದುವ ರೀತಿ ಹೀಗೆ: 0.6ರ ಒಳಗೆ ಮಾಮೂಲು, 0.6ರಿಂದ 1.5ರವರೆಗೆ ಕಣ್ಣಿಟ್ಟಿರಬೇಕು, ಒಂದೆರಡು ಗಂಟೆಯಲ್ಲಿ ಮತ್ತೆ ನೋಡಬೇಕು, 1.5ರಿಂದ 3.0 ಆದರೆ ಕೂಡಲೇ ವೈದ್ಯರ ಸಲಹೆ, 3.0 ಮುಟ್ಟಿದರೆ ಆಸ್ಪತ್ರೆ. ಅತಿ ಎತ್ತರದ ಅಂಕಿಗಳಲ್ಲಿ ಮೀಟರಿನ ನಿಖರತೆ ತಗ್ಗುತ್ತದೆ, ಆದರೆ 5.5 ನಿಜವಾಗಿ 6.2 ಆಗಿದ್ದರೂ ಹೋಗಬೇಕಾದ ಜಾಗ ಬದಲಾಗುವುದಿಲ್ಲ.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡನ್ನೂ ನೇರವಾಗಿ ಹೋಲಿಸಿತ್ತು. ಟೈಪ್ 1 ಇರುವ 3ರಿಂದ 22 ವರ್ಷದ 123 ಮಂದಿಯಲ್ಲಿ ಅರ್ಧ ಜನಕ್ಕೆ ರಕ್ತದ ಮೀಟರ್, ಅರ್ಧ ಜನಕ್ಕೆ ಮೂತ್ರದ ಸ್ಟ್ರಿಪ್, 6 ತಿಂಗಳ ಕಾಲ. ಆಸ್ಪತ್ರೆಗೆ ಸೇರಿದ ಅಥವಾ ತುರ್ತು ವಿಭಾಗಕ್ಕೆ ಹೋದ ಪ್ರಮಾಣ ರಕ್ತದ ಗುಂಪಿನಲ್ಲಿ 100 ರೋಗಿ-ವರ್ಷಗಳಿಗೆ 38, ಮೂತ್ರದ ಗುಂಪಿನಲ್ಲಿ 75. ನಮ್ಮ ಗಮನ ಸೆಳೆದದ್ದು ಅದರೊಳಗಿನ ಇನ್ನೊಂದು ಅಂಕಿ: ಮೈ ಹುಷಾರಿಲ್ಲದ ದಿನಗಳಲ್ಲಿ ಪರೀಕ್ಷೆ ನಿಜವಾಗಿ ಮಾಡಿದವರು ರಕ್ತದ ಗುಂಪಿನಲ್ಲಿ ಸುಮಾರು 90 ಶೇಕಡ, ಮೂತ್ರದ ಗುಂಪಿನಲ್ಲಿ ಸುಮಾರು 61. ವಾಂತಿ ಮಾಡಿ ಸುಸ್ತಾಗಿ ಮಲಗಿದ ಹುಡುಗನನ್ನು ಎಬ್ಬಿಸಿ ಕಪ್ಪು ಕೈಗೆ ಕೊಡುವುದಕ್ಕಿಂತ ಬೆರಳು ಚುಚ್ಚುವುದು ಸುಲಭ ಎಂದು ಕಾಣುತ್ತದೆ.

ಹಾಗಿದ್ದರೆ ಮೂತ್ರದ ಸ್ಟ್ರಿಪ್ ಬೇಡವೇ? ಬೇಕು. ಮೀಟರ್ ಸ್ಟ್ರಿಪ್ ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ, ಬ್ಯಾಟರಿ ಸತ್ತಿರುತ್ತದೆ. ರಕ್ತದ ಸಕ್ಕರೆ 240 ಮಿಲಿಗ್ರಾಂ ದಾಟಿ ಇಳಿಯದಿದ್ದಾಗ, ಜ್ವರ ಬಂದಾಗ, ಇನ್ಸುಲಿನ್ ಪಂಪಿನ ಕೊಳವೆ ಮಡಚಿತೋ ಎಂಬ ಅನುಮಾನ ಬಂದಾಗ ನಾಲ್ಕಾರು ಗಂಟೆಗೊಮ್ಮೆ ಅದ್ದಿ ನೋಡುವುದು ಏನೂ ನೋಡದಿರುವುದಕ್ಕಿಂತ ಎಷ್ಟೋ ಮೇಲು. ಪಂಪಿನಲ್ಲಿ ಇರುವುದು ಬೇಗ ಕೆಲಸ ಮುಗಿಸುವ ಇನ್ಸುಲಿನ್ ಮಾತ್ರವಾದ್ದರಿಂದ ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರತೊಡಗುತ್ತದೆ. ಮಧ್ಯಮ ಅಥವಾ ಅದಕ್ಕಿಂತ ಗಾಢ ಬಣ್ಣ ಬಂದರೆ ಮುಂದಿನ ಪರೀಕ್ಷೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ನಿಲ್ಲದ ವಾಂತಿ, ಏದುಸಿರು, ಮಂಪರು ಇದ್ದರೆ ಚೌಕ ಕೆನೆ ಬಣ್ಣದಲ್ಲೇ ಇದ್ದರೂ ಆಸ್ಪತ್ರೆಗೆ ಹೊರಡಿ. ಇದಕ್ಕೆ ವಿರುದ್ಧವಾಗಿ, ಗರ್ಭಿಣಿಯರಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಪವಾಸದ ನಂತರ, ದೀರ್ಘ ವ್ಯಾಯಾಮದ ನಂತರ ಬರುವ ಲೇಶ ಬಣ್ಣ ಹಸಿವಿನದ್ದಾಗಿರಬಹುದು. ರಕ್ತದ ಸಕ್ಕರೆ ಜೊತೆಗಿಟ್ಟು ಓದಿದರೆ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ. ಗರ್ಭಿಣಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಆ ಲೇಶವನ್ನೂ ವೈದ್ಯರ ಕಿವಿಗೆ ಹಾಕಿ.

ಲ್ಯಾಬಿನ ಸಾವಯವ ಆಮ್ಲಗಳ ಪಟ್ಟಿ

ಮೂತ್ರದ ಎಲ್ಲ ಆಮ್ಲಗಳನ್ನೂ ಒಂದೇ ಸಲಕ್ಕೆ ನೋಡುವ ಪರೀಕ್ಷೆಯೂ ಇದೆ: ಗ್ಯಾಸ್ ಕ್ರೊಮ್ಯಾಟೊಗ್ರಫಿ-ಮಾಸ್ ಸ್ಪೆಕ್ಟ್ರೊಮೆಟ್ರಿ, ಅಂದರೆ ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸಿ, ಅಣುವಿನ ತುಣುಕುಗಳ ತೂಕದಿಂದ ಗುರುತಿಸುವ ವಿಧಾನ. ಮೂಲತಃ ಇದು ಮಕ್ಕಳಲ್ಲಿ ಹುಟ್ಟಿನಿಂದ ಬರುವ ಚಯಾಪಚಯ ದೋಷಗಳನ್ನು ಹುಡುಕಲು ಇರುವ ಸೇವೆ. ಮೂತ್ರಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ ಅನ್ನು 1ರ ಹತ್ತಿರಕ್ಕೆ ಇಳಿಸಿ, ಈಥೈಲ್ ಅಸಿಟೇಟಿಗೆ ಆಮ್ಲಗಳನ್ನು ಎಳೆದುಕೊಂಡು, ಒಣಗಿಸಿ, ಬಿಎಸ್‌ಟಿಎಫ್‌ಎ ಎಂಬ ಕಾರಕದಿಂದ ಆವಿಯಾಗಬಲ್ಲ ರೂಪಕ್ಕೆ ತರುತ್ತಾರೆ. ಅದಕ್ಕೂ ಮೊದಲು ಹೈಡ್ರಾಕ್ಸಿಲಮೀನ್ ಥರದ ಕಾರಕದಿಂದ ಕೀಟೋ ಗುಂಪುಗಳನ್ನು ಕಟ್ಟಿಹಾಕದಿದ್ದರೆ ಅಸಿಟೋಅಸಿಟೇಟ್ ಯಂತ್ರದ ಗ್ರಾಫಿನಲ್ಲಿ ಒಂದೇ ಶಿಖರವಾಗಿ ಬರುವ ಬದಲು ಚದುರಿಹೋಗುತ್ತದೆ. ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಗುರುತು ಹಿಡಿಯಲು ನೋಡುವ ತುಣುಕುಗಳ ತೂಕ 117, 147, 191, 233. ಫಲಿತಾಂಶವನ್ನು ಒಂದು ಮೋಲ್ ಕ್ರಿಯಾಟಿನಿನ್‌ಗೆ (ದೇಹ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬಿಡುವ ತ್ಯಾಜ್ಯ) ಇಷ್ಟು ಮಿಲಿಮೋಲ್ ಎಂದು ಕೊಡುತ್ತಾರೆ. ಮೂತ್ರ ನೀರಾದರೂ ಗಟ್ಟಿಯಾದರೂ ಲೆಕ್ಕ ಹಾರದಂತೆ ಕಾಯುವುದು ಈ ಕ್ರಿಯಾಟಿನಿನ್, ಸ್ಟ್ರಿಪ್‌ನಲ್ಲಿ ಇಲ್ಲದ್ದು ಅದೇ.

ಕೀಟೋಅಸಿಡೋಸಿಸ್ ಆದವರ ರಿಪೋರ್ಟು ನೋಡಲು ಭಯ ಹುಟ್ಟಿಸುತ್ತದೆ. ಎರಡು ಕೀಟೋನ್ ಆಮ್ಲಗಳ ಶಿಖರ ಕಾಗದ ಮೀರಿ ಹೋಗಿರುತ್ತದೆ. ಅದರ ಹಿಂದೆ ಅಡಿಪಿಕ್, ಸುಬೆರಿಕ್, ಸೆಬಾಸಿಕ್ ಎಂಬ 6, 8, 10 ಇಂಗಾಲಗಳ ಡೈಕಾರ್ಬಾಕ್ಸಿಲಿಕ್ ಆಮ್ಲಗಳು. ಕೊಬ್ಬಿನ ಆಮ್ಲ ಮಾಮೂಲು ದಾರಿಯಲ್ಲಿ ಕರಗಲಾರದಷ್ಟು ಬಂದು ಬಿದ್ದಾಗ ಅದರ ಇನ್ನೊಂದು ತುದಿಯಿಂದಲೂ ಆಕ್ಸಿಡೀಕರಣ ಶುರುವಾಗಿ ಇವು ಹುಟ್ಟುತ್ತವೆ. ಕೀಟೋಸಿಸ್ (ದೇಹದಲ್ಲಿ ಕೀಟೋನ್ ಏರಿದ ಸ್ಥಿತಿ) ರೋಗಿಗಳಲ್ಲಿ ಅಡಿಪಿಕ್ ಮತ್ತು ಸುಬೆರಿಕ್ ಇರುವುದನ್ನು ನಾರ್ವೆಯ ಸಂಶೋಧಕರು 1972ರಲ್ಲಿ ತೋರಿಸಿದ್ದರು. ಜೊತೆಗೆ ಪ್ರೋಟೀನಿನ ಪಾಲೂ ಉಂಟು: ಅದರ ಅಮೈನೋ ಆಮ್ಲಗಳಲ್ಲಿ ವ್ಯಾಲಿನ್‌ನಿಂದ 3-ಹೈಡ್ರಾಕ್ಸಿಐಸೊಬ್ಯುಟಿರಿಕ್, ಐಸೊಲ್ಯೂಸಿನ್‌ನಿಂದ 2-ಮಿಥೈಲ್-3-ಹೈಡ್ರಾಕ್ಸಿಬ್ಯುಟಿರಿಕ್, ಲ್ಯೂಸಿನ್‌ನಿಂದ 3-ಹೈಡ್ರಾಕ್ಸಿಐಸೊವ್ಯಾಲೆರಿಕ್. ಇವೇ ಆಮ್ಲಗಳು ಕೆಲವು ಹುಟ್ಟು ದೋಷಗಳಲ್ಲೂ ಏರುತ್ತವೆ. ಸ್ಯಾಂಪಲ್ ಜೊತೆ "ಕೀಟೋಸಿಸ್ ಇದ್ದಾಗ ಹಿಡಿದದ್ದು, ಸಕ್ಕರೆ ಕಾಯಿಲೆ ಇದೆ" ಎಂಬ ಒಂದು ಸಾಲು ಬರೆಯದೆ ಕಳಿಸಿದರೆ ಇಲ್ಲದ ಆನುವಂಶಿಕ ಕಾಯಿಲೆಯ ಹಿಂದೆ ಓಡಾಡಬೇಕಾಗುತ್ತದೆ. ಅನುಭವಿ ಕಣ್ಣು ಮೊದಲು ನೋಡುವುದು ಅನುಪಾತ: ಕೀಟೋನ್ ಬೆಟ್ಟದಷ್ಟಿದ್ದು ಡೈಕಾರ್ಬಾಕ್ಸಿಲಿಕ್ ಅದರ ನೆರಳಿನಲ್ಲಿದ್ದರೆ ಕೀಟೋಸಿಸ್, ಡೈಕಾರ್ಬಾಕ್ಸಿಲಿಕ್ ಹೆಚ್ಚಿದ್ದೂ ಕೀಟೋನ್ ಇಲ್ಲವೆನ್ನುವಷ್ಟಿದ್ದು, ಹೆಕ್ಸನಾಯಿಲ್‌ಗ್ಲೈಸಿನ್, ಸುಬೆರೈಲ್‌ಗ್ಲೈಸಿನ್ ಕಂಡರೆ ಕೊಬ್ಬು ಉರಿಸುವ ಕಿಣ್ವದಲ್ಲೇ ಕೊರತೆ.

ಲ್ಯಾಕ್ಟಿಕ್ ಆಮ್ಲವೂ ಈ ಪಟ್ಟಿಯಲ್ಲಿ ಬರುತ್ತದೆ, ಸ್ಟ್ರಿಪ್‌ಗೆ ಅದು ಎಂದೂ ಕಾಣದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ, ಮೂತ್ರಪಿಂಡ ಸೋತ ರೋಗಿಗೆ ಏದುಸಿರು ಬಂದು ಕೀಟೋನ್ ಇಲ್ಲವೆಂದಾದರೆ ರಕ್ತದ ಲ್ಯಾಕ್ಟೇಟನ್ನೇ ಅಳೆಯಬೇಕು. ದಿನಗಟ್ಟಲೆ ಹಿಡಿಯುವ ಮೂತ್ರದ ಪಟ್ಟಿಗೆ ಕಾಯುವ ಹೊತ್ತಲ್ಲ ಅದು.

ಇದೇ ಪರೀಕ್ಷೆಯನ್ನು ಆರೋಗ್ಯ ತಪಾಸಣೆಯ ಕಿಟ್ ರೂಪದಲ್ಲಿ, ಹತ್ತಾರು ಆಮ್ಲಗಳ ಕೆಂಪು-ಹಸಿರು ಗೆರೆಗಳ ಬಣ್ಣದ ರಿಪೋರ್ಟಿನ ಜೊತೆ ಮಾರುವುದುಂಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಇದೆ, ಮೂತ್ರಪಿಂಡಕ್ಕೆ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಇದೆ. ಈ ಕಿಟ್ ಇವೆರಡರ ಜಾಗ ತುಂಬುವುದಿಲ್ಲ. ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟವರಲ್ಲಿ 94 ವಸ್ತುಗಳನ್ನು ಅಳೆದು 13 ಇಳಿದಿವೆ ಎಂದು 2013ರಲ್ಲಿ ಒಂದು ಅಧ್ಯಯನ ಕಂಡಿತ್ತು. ಅದು ಗುಂಪುಗಳ ನಡುವಿನ ವ್ಯತ್ಯಾಸ. ಒಬ್ಬರ ಒಂದು ಕಪ್ಪು ಮೂತ್ರ ನೋಡಿ ಚಿಕಿತ್ಸೆ ಬದಲಿಸುವಂಥದ್ದಲ್ಲ.

ಆದರೂ ವೈದ್ಯರು ಕಾರಣ ಹೇಳಿ ಈ ಪರೀಕ್ಷೆ ಬರೆದಿದ್ದರೆ ಸ್ಯಾಂಪಲ್ ಕೆಡದಂತೆ ನೋಡಿಕೊಳ್ಳಿ. 10 ಮಿಲಿಲೀಟರ್ ಸಾಕು, ಆದರೆ ಹಿಡಿದ ಕೂಡಲೇ ಫ್ರೀಜರಿಗೆ ಹೋಗಬೇಕು, ಲ್ಯಾಬ್ ತಲುಪುವವರೆಗೂ ಹೆಪ್ಪುಗಟ್ಟಿಯೇ ಇರಬೇಕು. ನಡುವೆ ಕರಗಿದರೆ ಅಸಿಟೋಅಸಿಟೇಟ್ ಒಡೆಯುತ್ತಾ ಹೋಗುತ್ತದೆ, ಬ್ಯಾಕ್ಟೀರಿಯಾ ಬೆಳೆದು ಲ್ಯಾಕ್ಟೇಟ್ ಹುಟ್ಟುತ್ತದೆ. ಆ ಹೊತ್ತಿನಲ್ಲಿ ತೊಂದರೆ ಇದ್ದರೆ ಆಗಲೇ ಹಿಡಿಯಿರಿ, ಚೇತರಿಸಿಕೊಂಡ ಮೇಲಿನ ಮೂತ್ರ ಏನೂ ಹೇಳದು. ಹಿಂದಿನ ದಿನ ಜೆಲ್ಲಿ ಥರದ ತಿಂಡಿ ತಿಂದಿದ್ದರೆ ಅದರಲ್ಲಿ ಹುಳಿಗೆಂದು ಹಾಕಿದ ಅಡಿಪಿಕ್ ಆಮ್ಲ ಹಾಗೇ ಮೂತ್ರಕ್ಕೆ ಬರುತ್ತದೆ. ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಸರಪಳಿಯ ಕೊಬ್ಬಿನ ಎಣ್ಣೆ) ಕುಡಿದಿದ್ದರೆ ಸುಬೆರಿಕ್, ಸೆಬಾಸಿಕ್ ಏರುತ್ತವೆ. ಇವೆರಡನ್ನೂ ಫಾರ್ಮಿನಲ್ಲಿ ಔಷಧಗಳ ಸಾಲಿನ ಕೆಳಗೆ ಬರೆಯಿರಿ, ಕೇಳಿರದಿದ್ದರೂ.